ಎರಡು ಬಾಗಿಲಿನ ಚಿಗರಿ

ನಮ್ಮ ಷಡ್ಡಕರು ಕಾರು ಕೊಂಡ ಸುದ್ದಿ ನನಗೆ ಗೊತ್ತಾದದ್ದು ನನ್ನ ಹೆಂಡತಿಯ ಅಳುವಿನಿಂದ. ಹರಿಹರದಿಂದ ಅವಳ ಅಕ್ಕನ ಫೋನು ಬಂದಿತ್ತು. ಈ ಕಡೆಯಿಂದ "ಹೌದಾ... ಅಯ್ಯೋ... ಎಷ್ಟಂತಕ್ಕ?... ಅಯ್ಯೋ ಶಿವನೇ" ಅಂತ ಅರ್ಧ ತಾಸು ನಡೆಯಿತು. ಫೋನಿಟ್ಟವಳು ಸೆರಗಿನಲ್ಲಿ ಕಣ್ಣೊರೆಸಿಕೊಂಡು, "ಅಕ್ಕನ ಮನೆ ಹಾಳಾಯ್ತು" ಅಂದಳು.

"ಏನಾಯ್ತೇ? ಚೀಟಿಯವನು ಓಡಿಹೋದನಾ?"

"ಭಾವ ಕಾರು ತಗೊಂಡಾರಂತೆ."

"ಒಳ್ಳೇದಾಯ್ತಲ್ಲ!"

"ಅಮೆರಿಕದ್ದಂತೆ."

"ಇನ್ನೂ ಒಳ್ಳೇದು."

"1965ನೇ ಇಸವೀದಂತೆ." ಇಲ್ಲಿ ನನಗೂ ಎದೆ ಸ್ವಲ್ಪ ಝಲ್ಲೆಂದಿತು. ಅವಳು ಮೂಗು ಸೀಟಿಕೊಂಡು ಕೊನೆಯ ಬಾಂಬು ಹಾಕಿದಳು: "ಅಷ್ಟುದ್ದ ಕಾರಿಗೆ ಎರಡೇ ಬಾಗಿಲಂತೆ!"

ಇದು 2012ರ ಮಾತು. ಆಗಿನಿಂದ ಈಗಿನವರೆಗೆ ಆ ಕಾರನ್ನು ನೋಡಲು ಬಂದವರೆಲ್ಲ ಮೊದಲು ಕೇಳುವುದು ಇದನ್ನೇ. ಎಂಜಿನ್ ಎಷ್ಟು ದೊಡ್ಡದು, ಗಂಟೆಗೆ ಎಷ್ಟು ಓಡುತ್ತದೆ, ಯಾವ ದೇಶದ್ದು, ಊಹೂಂ. ಸುತ್ತ ಒಂದು ಪ್ರದಕ್ಷಿಣೆ ಹಾಕಿ, ಸೊಂಟದ ಮೇಲೆ ಕೈ ಇಟ್ಟು, "ಹಿಂದಿನ ಬಾಗಿಲು ಎಲ್ಲೈತ್ರಿ?"

ಕಾರಿನ ಹೆಸರು ಷೆವ್ರೊಲೆ ಇಂಪಾಲ. ಕಂಪನಿಯವರು ಅದನ್ನು ಸ್ಪೋರ್ಟ್ ಕೂಪೆ ಅಂತ ಕರೆದರು. ಕೂಪೆ ಅಂದರೆ ಎರಡು ಬಾಗಿಲು, ಹಿಂದಕ್ಕೆ ಜಾರುಬಂಡೆಯ ಹಾಗೆ ಇಳಿಯುವ ಛಾವಣಿ. ಉದ್ದ 5.4 ಮೀಟರ್, ಅಗಲ ಎರಡು ಮೀಟರಿಗೂ ಒಂದೆರಡು ಬೆರಳು ಜಾಸ್ತಿ. ಹಿಂದುಗಡೆ ಆ ಕಡೆ ಮೂರು ಈ ಕಡೆ ಮೂರು ದುಂಡನೆಯ ಕೆಂಪು ದೀಪ, ಗೌರಿಯ ತಟ್ಟೆಯಲ್ಲಿ ಕುಂಕುಮದ ಬಟ್ಟಲು ಜೋಡಿಸಿದ ಹಾಗೆ. ಮುಂದಿನ ಕಿಟಕಿಗೂ ಹಿಂದಿನ ಕಿಟಕಿಗೂ ನಡುವೆ ಕಂಬವಿಲ್ಲ. ಗಾಜು ಪೂರ್ತಿ ಇಳಿಸಿಬಿಟ್ಟರೆ ಕಂಬವಿಲ್ಲದ ಮಂಟಪ. ಎಂಟು ಸಿಲಿಂಡರಿನ 4.6 ಲೀಟರ್ ಎಂಜಿನ್. ನನ್ನ ಮಾರುತಿ 800ರ ಎಂಜಿನ್ 796 ಸಿಸಿ. ಲೆಕ್ಕ ಹಾಕಿದರೆ ನನ್ನಂಥ ಐದೂ ಮುಕ್ಕಾಲು ಮೇಷ್ಟ್ರುಗಳ ಕಾರು ಷಡ್ಡಕರ ಬಾನೆಟ್ಟಿನೊಳಗೇ ಇವೆ.

ಇಂಪಾಲ ಅನ್ನುವುದು ಜುಲು ಭಾಷೆಯ ಮಾತು, ಆಫ್ರಿಕದ ಒಂದು ಜಾತಿಯ ಜಿಂಕೆ. ಕಾರಿನ ಪಕ್ಕೆಯಲ್ಲಿ ನೆಗೆಯುತ್ತಿರುವ ಜಿಂಕೆಯ ಬಿಲ್ಲೆಯೂ ಉಂಟು. ಹರಿಹರದವರಿಗೆ ಜುಲು ಯಾಕೆ? ಹೊಳೆ ದಾಟಿ ರಾಣೆಬೆನ್ನೂರಿಗೆ ಹೋದರೆ ಕೃಷ್ಣಮೃಗದ ಅಭಯಾರಣ್ಯವೇ ಇದೆ. ಹೀಗಾಗಿ ಮೊದಲ ವಾರದಲ್ಲೇ ಓಣಿಯ ಹುಡುಗರು ನಾಮಕರಣ ಮುಗಿಸಿದರು: ಚಿಗರಿ. ಹುಬ್ಬಳ್ಳಿ-ಧಾರವಾಡದ ನಡುವೆ ಚಿಗರಿ ಬಸ್ಸು ಓಡುವುದಕ್ಕೆ ಎಷ್ಟೋ ಮುಂಚೆಯೇ ಹರಿಹರದಲ್ಲಿ ಚಿಗರಿ ಇತ್ತು. ಓಡುತ್ತಿತ್ತು ಅಂತ ಮಾತ್ರ ನಾನು ಹೇಳುತ್ತಿಲ್ಲ.

ಅದು ಸಿಕ್ಕಿದ್ದು ನಮ್ಮ ದಾವಣಗೆರೆಯಲ್ಲೇ, ಒಂದು ಹಳೆಯ ಹತ್ತಿ ಗೋದಾಮಿನಲ್ಲಿ. ಈ ಊರನ್ನು ಕರ್ನಾಟಕದ ಮ್ಯಾಂಚೆಸ್ಟರ್ ಅಂತ ಕರೆಯುತ್ತಿದ್ದ ಕಾಲವೊಂದಿತ್ತಲ್ಲ, ಗಿರಣಿಯ ಸೈರನ್ ಕೇಳಿ ಜನ ಅನ್ನಕ್ಕೆ ಇಡುತ್ತಿದ್ದ ಕಾಲ, ಆಗ ಯಾರೋ ಸಾಹುಕಾರರು ತರಿಸಿ ನಿಲ್ಲಿಸಿದ್ದಂತೆ. ಗಿರಣಿ ನಿಂತಿತು, ಸಾಹುಕಾರರು ಹೋದರು, ಮಕ್ಕಳು ಬೆಂಗಳೂರು ಸೇರಿದರು, ಕಾರು ಅರಳೆಯ ಚೀಲಗಳ ಕೆಳಗೆ ಉಳಿಯಿತು. ನಾವು ಬಾಗಿಲು ತೆಗೆದಾಗ ಹಿಂದಿನ ಸೀಟಿನಲ್ಲಿ ಇಲಿಯೊಂದು ಹದವಾಗಿ ಅರಳೆ ಹಾಸಿ ಬಾಣಂತನ ಮಾಡಿಸಿಕೊಳ್ಳುತ್ತಿತ್ತು. ಎರಡೇ ಬಾಗಿಲಿನ ಕಾರಿನ ಹಿಂದಿನ ಸೀಟಿನಲ್ಲಿ ಸುಖವಾಗಿ ಕೂತ ಜೀವ ಅಂತ ನಾನು ಕಂಡದ್ದು ಅದೊಂದೇ.

ಮಾರುವವರ ಕಡೆಯ ದಲ್ಲಾಳಿ ಕಾರಿನ ಚರಿತ್ರೆ ಹೇಳಿದ. ಮದರಾಸಿನಲ್ಲಿ ವಿದೇಶಿ ದೂತಾವಾಸದ ಅಧಿಕಾರಿಯೊಬ್ಬ ತಂದದ್ದು, ಅವನು ಊರಿಗೆ ಹೊರಟಾಗ ಸರ್ಕಾರದ ಸ್ಟೇಟ್ ಟ್ರೇಡಿಂಗ್ ಕಾರ್ಪೊರೇಷನ್ ಮೂಲಕ ಮಾರಾಟವಾದದ್ದು, ಆಮೇಲೆ ಒಬ್ಬ ಸಿನಿಮಾದವರ ಕೈಗೆ ಹೋದದ್ದು. ಇಲ್ಲಿಯವರೆಗೆ ನಂಬಬಹುದು. ಆ ಕಾಲದಲ್ಲಿ ಪರದೇಶದ ಕಾರು ಬರುತ್ತಿದ್ದ ದಾರಿಯೇ ಅದು. ಜನರಲ್ ಮೋಟಾರ್ಸಿನವರು 1928ರಲ್ಲೇ ಬೊಂಬಾಯಿಯ ಸೇವ್ರಿಯಲ್ಲಿ ಷೆವ್ರೊಲೆ ಜೋಡಿಸುವ ಕಾರ್ಖಾನೆ ಹಾಕಿದ್ದರು. ಬರೀ ಜೋಡಿಸಿದರೆ ಆಗದು, ಇಲ್ಲೇ ತಯಾರಿಸಬೇಕು ಎಂಬ ಧೋರಣೆ ಸ್ವಾತಂತ್ರ್ಯದ ಮೇಲೆ ಬಲವಾದಾಗ 1954ರಲ್ಲಿ ಗಂಟುಮೂಟೆ ಕಟ್ಟಿದರು. ಆಮೇಲೆ ಅಂಬಾಸಿಡರು, ಫಿಯಟ್ಟು, ಸ್ಟ್ಯಾಂಡರ್ಡು, ಅದಕ್ಕೂ ವರ್ಷಗಟ್ಟಲೆ ಸರದಿ. ಅಂಥ ಬರಗಾಲದಲ್ಲಿ ಒಂದು ಇಂಪಾಲ ಬೀದಿಗೆ ಬಂತೆಂದರೆ ಆನೆ ಬಂದ ಹಾಗೆ. ಆದರೆ ದಲ್ಲಾಳಿ ಅಲ್ಲಿಗೆ ನಿಲ್ಲಲಿಲ್ಲ, "ಈ ಸೀಟಿನಾಗೆ ಎಂ.ಜಿ.ಆರ್. ಕುಂತಿದ್ರು" ಅಂದ. ದಕ್ಷಿಣ ಭಾರತದಲ್ಲಿ ಮಾರಾಟಕ್ಕಿರುವ ಪ್ರತಿ ಇಂಪಾಲದಲ್ಲೂ ಎಂ.ಜಿ.ಆರ್. ಕೂತಿರುತ್ತಾರೆ. ಉತ್ತರದ ಕಡೆ ಹೋದರೆ ರಾಜ್ ಕಪೂರ್.

ಎಷ್ಟು ಕೊಟ್ಟರು? ಇದಕ್ಕೆ ನಮ್ಮ ಷಡ್ಡಕರ ಹತ್ತಿರ ಮೂರು ದರ ಇವೆ. ಅತ್ತಿಗೆಗೆ ಹೇಳಿದ್ದು ಒಂದು, ಗೆಳೆಯರಿಗೆ ಹೇಳಿದ್ದು ಒಂದು, ಅಮೆರಿಕದಲ್ಲಿರುವ ಮಗನಿಗೆ ಹೇಳಿದ್ದು ಇನ್ನೊಂದು. ನಾನು ಕೇಳಿದಾಗ, "ಮೇಷ್ಟ್ರೇ, ಮೂರನ್ನೂ ಕೂಡಿಸಿರಿ, ಸರಿ ಹೋಗ್ತೈತಿ" ಅಂದರು. ಅವರು ತಮಾಷೆ ಮಾಡುತ್ತಿದ್ದಾರೆ ಅಂತ ಆಗ ನಕ್ಕಿದ್ದೆ.

ದಾವಣಗೆರೆಯಿಂದ ಹರಿಹರಕ್ಕೆ ಹದಿನಾಲ್ಕು ಕಿಲೋಮೀಟರು. ಚಿಗರಿಯ ಮೊದಲ ಪ್ರಯಾಣ ನಡೆದದ್ದು ಟ್ರ್ಯಾಕ್ಟರಿನ ಹಿಂದೆ, ಹಗ್ಗ ಕಟ್ಟಿಸಿಕೊಂಡು. ಪಿ.ಬಿ. ರೋಡಿನಲ್ಲಿ ಜನ ನಿಂತು ನೋಡಿದ್ದೇ ನೋಡಿದ್ದು. ಅದರ ಸ್ಟೀರಿಂಗು ಎಡಗಡೆ, ಅಮೆರಿಕದ ಪದ್ಧತಿ. ಷಡ್ಡಕರು ಎಡಕ್ಕೆ ಕೂತು ಸ್ಟೀರಿಂಗ್ ಹಿಡಿದಿದ್ದರು, ನಾನು ಬಲಕ್ಕೆ ಸುಮ್ಮನೆ ಕೂತಿದ್ದೆ. ನೋಡುವವರ ಕಣ್ಣಿಗೆ ಮಾತ್ರ ನಾನೇ ಡ್ರೈವರು! "ಏ ಯಜಮಾನ್ರೇ, ಒಂದ್ ಕೈಯಾದ್ರೂ ಸ್ಟೀರಿಂಗ್ ಮ್ಯಾಲಿಡ್ರೀ!" ಅಂತ ಒಬ್ಬ ಬೈಕಿನವನು ಕೂಗಿಕೊಂಡು ಹೋದ.

ಇಂದಿಗೂ ಅದೇ ಪಾಡು. ಎಡಗಡೆ ಸ್ಟೀರಿಂಗಿನ ಗಾಡಿಗೆ ಗೊತ್ತುಪಡಿಸಿದ ಸಿಗ್ನಲ್ ಸಾಧನ ಸರಿಯಾಗಿ ಕೆಲಸ ಮಾಡುತ್ತಿರಬೇಕು ಅಂತ 1988ರ ಮೋಟಾರು ವಾಹನ ಕಾಯ್ದೆಯ 120ನೇ ಕಲಮು ಹೇಳುತ್ತದೆ. ಕಾಯ್ದೆಯ ಪ್ರಕಾರದ ದೀಪ ಚಿಗರಿಗೆ ಇದೆ. ಷಡ್ಡಕರಿಗೆ ಅದರ ಮೇಲೆ ನಂಬಿಕೆ ಇಲ್ಲ. ನಂಬಿಕೆ ಇರುವ ಸಾಧನ ನಾನು. "ಮೇಷ್ಟ್ರೇ, ಲಾರಿ ಬರಾಕತ್ತೈತೇನು ನೋಡ್ರಿ... ಕೈ ಹೊರಗ ಹಾಕ್ರಿ... ಈಗ ಆಡಸ್ರಿ..." ಮೂವತ್ತು ವರ್ಷ ಹುಡುಗರಿಗೆ ಸಂಧಿ ಸಮಾಸ ಕಲಿಸಿದ ಕೈ ಈಗ ಲಾರಿಗಳಿಗೆ ದಾರಿ ತೋರಿಸುತ್ತಿದೆ.

ಇಷ್ಟಕ್ಕೂ ಆ ಮನುಷ್ಯನಿಗೆ ಈ ಹುಚ್ಚು ಯಾಕೆ ಹಿಡಿಯಿತು? ಅವರು ಟರ್ನರ್. ಬರೀ ಟರ್ನರ್ ಅಂದರೆ ಕೋಪ ಬರುತ್ತದೆ, ಮೈಸೂರು ಕಿರ್ಲೋಸ್ಕರ್ ಟರ್ನರ್ ಅನ್ನಬೇಕು. 1941ರಲ್ಲಿ ಹರಿಹರದಲ್ಲಿ ಶುರುವಾದ ಕಾರ್ಖಾನೆ. ಅಲ್ಲಿ ತಯಾರಾಗುತ್ತಿದ್ದದ್ದು ಲೇತು, ಅಂದರೆ ಯಂತ್ರಗಳನ್ನು ಹಡೆಯುವ ಯಂತ್ರ. ಕಾರ್ಖಾನೆಯ ಸುತ್ತ ಬೆಳೆದ ಬಡಾವಣೆಗೆ ಹೆಸರೇ ಯಂತ್ರಪುರ. ನಮ್ಮ ಕಡೆ ದೇವರ ಹೆಸರಿನ ಊರು, ಗೌಡರ ಹೆಸರಿನ ಊರು ಬೇಕಾದಷ್ಟಿವೆ. ಯಂತ್ರದ ಹೆಸರಿಟ್ಟುಕೊಂಡ ಊರಿನಲ್ಲಿ ಬೆಳೆದ ಗಂಡಸು ಹ್ಯಾಗಿರಬೇಡ? ಷಡ್ಡಕರು ಮದುವೆಯಲ್ಲಿ ಹೆಣ್ಣಿನ ಬೆರಳಿಗೆ ಉಂಗುರ ತೊಡಿಸಿ, "ಎರಡು ತೌ ಲೂಸ್ ಐತಿ" ಅಂದಿದ್ದರಂತೆ. ತೌ ಅಂದರೆ ಇಂಚಿನ ಸಾವಿರದಲ್ಲೊಂದು ಪಾಲು. ಅತ್ತಿಗೆ ಈಗಲೂ ಹೇಳಿ ನಗುತ್ತಾರೆ.

ಈ ಶತಮಾನದ ಆರಂಭದಲ್ಲಿ ಆ ಕಾರ್ಖಾನೆ ಬಾಗಿಲು ಹಾಕಿತು. ಆ ಮಾತು ಅವರು ಎತ್ತುವುದಿಲ್ಲ, ನಾನೂ ಕೇಳುವುದಿಲ್ಲ. ಮನೆಯ ಮುಂದಿನ ಶೆಡ್ಡಿನಲ್ಲಿ ಒಂದು ಹಳೇ ಟರ್ನ್‌ಮಾಸ್ಟರ್ ಲೇತು ತಂದು ಹಾಕಿಕೊಂಡರು, ಯಂತ್ರಪುರದ್ದೇ. ಬೋರ್‌ವೆಲ್ ಪಂಪಿನ ಬುಷ್ಷು, ಕಬ್ಬಿನ ಹಾಲಿನ ಗಾಣದ ರೋಲರು, ಟ್ರ್ಯಾಕ್ಟರಿನ ಪಿನ್ನು. ಹೊಟ್ಟೆಗೆ ಮೋಸವಿಲ್ಲ. ಆದರೆ ತೌ ಲೆಕ್ಕದಲ್ಲಿ ಕೆಲಸ ಮಾಡಿದವರಿಗೆ "ಹ್ಯಾಂಗೋ ಕುಂದ್ರಂಗೆ ಮಾಡಿಕೊಡ್ರಿ ಸಾಕು" ಅನ್ನುವ ಗಿರಾಕಿಗಳು ಸಿಕ್ಕರೆ ಏನಾಗಬೇಕು? ಸಂಗೀತ ವಿದ್ವಾಂಸರನ್ನು ಕರೆದು ಬರೀ ಮೈಕ್ ಟೆಸ್ಟ್ ಮಾಡಿಸಿದ ಹಾಗೆ. ಅಂಥ ಹೊತ್ತಿನಲ್ಲಿ ಈ ಮಾರಿ ಕಣ್ಣಿಗೆ ಬಿತ್ತು.

ಮಾರಿಯ ಮೊದಲ ಗುಣ ಏನೆಂದರೆ ಅದರ ಮೈಯಲ್ಲಿರುವ ಒಂದು ಬೋಲ್ಟೂ ನಮ್ಮ ಪಾನಾಗಳಿಗೆ ಸಿಗುವುದಿಲ್ಲ. ನಮ್ಮದು ಹನ್ನೆರಡು-ಹದಿಮೂರು, ಹದಿನಾಲ್ಕು-ಹದಿನೈದು. ಅದರದ್ದು ಅರ್ಧ ಇಂಚು, ಒಂಬತ್ತು ಭಾಗಿಸು ಹದಿನಾರು ಇಂಚು. ನಾವು 1956ರಲ್ಲಿ ಕಾಯ್ದೆ ಮಾಡಿ ಮೆಟ್ರಿಕ್ಕಿಗೆ ಬಂದೆವು. ಅಮೆರಿಕದವರು ಚಂದ್ರಲೋಕಕ್ಕೆ ಹೋಗಿ ಬಂದರೂ ಇಂಚು ಬಿಡಲಿಲ್ಲ. ದಾವಣಗೆರೆಯ ಗುಜರಿ ಅಂಗಡಿಗಳಿಗೆಲ್ಲ ಅಲೆದು ಸೋತು, "ಅಣ್ಣಾವ್ರೇ, ಈ ದೇಶದಾಗೆ ಇದಕ್ಕೆ ಬೋಲ್ಟಿಲ್ಲ, ಬಿಟ್ಟುಬಿಡಿ" ಅಂದೆ. ಷಡ್ಡಕರು ನನ್ನನ್ನು ಶೆಡ್ಡಿಗೆ ಕರಕೊಂಡು ಹೋದರು. ಗ್ರೀಸು ಮೆತ್ತಿದ ಬಟ್ಟೆ ಬಿಚ್ಚಿ ಊಟದ ತಟ್ಟೆಯಷ್ಟಗಲದ ಒಂದು ಗಿಯರ್ ಚಕ್ರ ತೆಗೆದರು.

"ಹಲ್ಲು ಎಣಿಸ್ರಿ."

ಎಣಿಸಿದೆ. ಎರಡು ಸಲ ತಪ್ಪಿತು. ಮೂರನೇ ಸಲ 127.

"ಯಾಕ್ ನೂರಾ ಇಪ್ಪತ್ತೇಳು? ನೂರಾ ಇಪ್ಪತ್ತೈದು ಯಾಕಾಗಬಾರ್ದು?"

ನಾನು ಕನ್ನಡ ಮೇಷ್ಟ್ರು. ಸುಮ್ಮನೆ ನಿಂತೆ.

ಒಂದು ಇಂಚು ಅಂದರೆ 25.4 ಮಿಲಿಮೀಟರು. ಐದು ಇಂಚು ಅಂದರೆ ಸರಿಯಾಗಿ 127 ಮಿಲಿಮೀಟರು. ಪಾಯಿಂಟಿಲ್ಲ, ಶೇಷವಿಲ್ಲ. ಮಿಲಿಮೀಟರಿನ ಲೇತಿನಲ್ಲಿ ಇಂಚಿನ ಥ್ರೆಡ್ಡು ಕರಾರುವಾಕ್ಕಾಗಿ ಹೊಡೆಯಬೇಕಾದರೆ ಲೇತಿನ ಪಕ್ಕದ ಗಿಯರುಗಳ ಸಾಲಿನಲ್ಲಿ 127 ಹಲ್ಲಿನ ಚಕ್ರ ಸೇರಿಸಬೇಕು. ಅದಕ್ಕಿಂತ ಒಂದು ಹಲ್ಲು ಕಡಿಮೆಯಾದರೂ ಥ್ರೆಡ್ಡು ಹತ್ತು ಸುತ್ತಿಗೆ ಹಾದಿ ತಪ್ಪುತ್ತದೆ. "ಅಮೆರಿಕಕ್ಕೂ ನಮಗೂ ನಡುವೆ ಸಮುದ್ರ ಐತಿ ಅಂತಾರೆ. ಏನಿಲ್ಲ, ಈ ಚಕ್ರ ಐತಿ" ಅಂದರು. ಆ ಮುಖದ ಮೇಲೆ ಅಂಥ ಬೆಳಕನ್ನು ನಾನು ಹತ್ತು ವರ್ಷದಿಂದ ನೋಡಿರಲಿಲ್ಲ. ಮಗನಿಗೆ ಅಮೆರಿಕದ ವೀಸಾ ಬಂದ ದಿನವೂ ಇರಲಿಲ್ಲ. ಅವತ್ತಿನಿಂದ ನಾನು ಕಾರು ಮಾರಿಬಿಡಿ ಅನ್ನುವುದನ್ನು ನಿಲ್ಲಿಸಿದೆ. ಗೇಲಿ ಮಾಡುವುದನ್ನು ನಿಲ್ಲಿಸಿಲ್ಲ.

ಮಗ ದಾವಣಗೆರೆಯ ಬಿ.ಐ.ಇ.ಟಿ.ಯಲ್ಲಿ ಓದಿ ಈಗ ಮಿಷಿಗನ್‌ನಲ್ಲಿದ್ದಾನೆ, ಡೆಟ್ರಾಯ್ಟಿನ ಮಗ್ಗುಲಲ್ಲೇ, ಅಂದರೆ ಚಿಗರಿಯ ತವರಿನಲ್ಲಿ. ಮೊದಲ ಸಲ ಅವನು ರಜೆಗೆ ಬಂದಾಗ ಅತ್ತಿಗೆ ಬಾದಾಮಿ, ಚಾಕಲೇಟು, ಸೆಂಟು ಅಂತ ಆಸೆಯಿಂದ ಸೂಟ್‌ಕೇಸ್ ಬಿಚ್ಚಿದರು. ಮೇಲಿನ ಪದರದಲ್ಲಿ ಒಂದು ವಾಟರ್ ಪಂಪು, ಕೆಳಗೆ ಬ್ರೇಕಿನ ರಬ್ಬರುಗಳು, ಕಾರ್ಬೊರೇಟರಿನ ಕಿಟ್ಟು, ಮೂಲೆಯಲ್ಲಿ ಸಾಕ್ಸಿನೊಳಗೆ ಸುತ್ತಿದ ಹಿಂದಿನ ದೀಪದ ಕೆಂಪು ಗಾಜು. ಅಪ್ಪ ಮಗ ಎರಡು ದಿನ ಹೆಣಗಾಡಿದರೂ ಆ ಗಾಜು ಕೂಡಲಿಲ್ಲ. ಅದು 1964ರದ್ದು! ನಮ್ಮ ಅಂಬಾಸಿಡರ್ 1950ರ ದಶಕದಲ್ಲಿ ಹುಟ್ಟಿ 2014ರಲ್ಲಿ ಸಾಯುವ ತನಕ ಹೆಚ್ಚುಕಡಿಮೆ ಒಂದೇ ಅಂಗಿಯಲ್ಲಿ ಕಾಲ ಹಾಕಿತು. ಅಮೆರಿಕದವರದ್ದು ಹಾಗಲ್ಲ, ಹಬ್ಬಕ್ಕೊಂದು ಸೀರೆ ಅನ್ನುವ ಜಾತಿ. ಆಗೆಲ್ಲ ಪ್ರತಿ ವರ್ಷ ದೀಪ, ಜಾಲರಿ, ಬಂಪರು ಬದಲಾಯಿಸುತ್ತಿದ್ದರು, ಹೋದ ವರ್ಷದ ಕಾರಿನವನಿಗೆ ನಾಚಿಕೆಯಾಗಲಿ ಅಂತಲೇ. ಆ ನಾಚಿಕೆಯ ಬೆಲೆಯನ್ನು ಅರವತ್ತು ವರ್ಷದ ಮೇಲೆ ಹರಿಹರದ ಒಬ್ಬ ಟರ್ನರ್ ಕಟ್ಟುತ್ತಿದ್ದಾನೆ.

ಅದೇ ಮಗ ಊಟಕ್ಕೆ ಕೂತಾಗ ಇನ್ನೊಂದು ಮಾತು ಅಂದುಬಿಟ್ಟ. "ಅಪ್ಪಾ, ಅಲ್ಲಿ ಇದೇನು ಶ್ರೀಮಂತರ ಕಾರಲ್ಲ. ಶ್ರೀಮಂತರು ಕ್ಯಾಡಿಲಾಕ್ ತಗೊಳ್ತಿದ್ರು. ಇದು ಮೇಷ್ಟ್ರುಗಳು, ಗುಮಾಸ್ತರು ತಗೊಳ್ತಿದ್ದ ಕಾರು. 1965ರಲ್ಲಿ ಒಂದೇ ವರ್ಷದಲ್ಲಿ ಹತ್ತು ಲಕ್ಷ ಇಂಪಾಲ ಮಾರಿದ್ರು." ಷಡ್ಡಕರ ಕೈಯಲ್ಲಿದ್ದ ರೊಟ್ಟಿ ಹಾಗೇ ನಿಂತಿತು. ನಾನು ಮಾತ್ರ ಒಳಗೊಳಗೇ ಹಿಗ್ಗಿದೆ. ನೋಡಿ, ಅಲ್ಲಿ ಹುಟ್ಟಿದ್ದರೆ ನನ್ನಂಥ ಕನ್ನಡ ಮೇಷ್ಟ್ರಿಗೆ, ಅಂದರೆ ಅಲ್ಲಿನ ಇಂಗ್ಲಿಷ್ ಮೇಷ್ಟ್ರಿಗೆ, ಈ ಕಾರು ಸಿಗುತ್ತಿತ್ತು. ಸಮುದ್ರ ದಾಟಿದ ಕೂಡಲೇ ಗುಮಾಸ್ತನ ಕಾರು ಮಹಾರಾಜರದ್ದಾಯಿತು. ಇದೇನು ಹೊಸದಲ್ಲ ಬಿಡಿ, ನಮ್ಮ ಓಣಿಯ ಎಷ್ಟು ಹುಡುಗರು ಸಮುದ್ರ ದಾಟಿದ ಮೇಲೆ ಮಹಾರಾಜರಾಗಿಲ್ಲ!

ಮುಂದೆ ಒಂದು ಬೇಸಿಗೆಯಲ್ಲಿ ಷಡ್ಡಕರೇ ಡೆಟ್ರಾಯ್ಟಿಗೆ ಹೋದರು. ಅಲ್ಲಿ ವುಡ್‌ವರ್ಡ್ ಅವೆನ್ಯೂ ಅಂತ ಒಂದು ರಸ್ತೆ. 1995ರಿಂದ ಪ್ರತಿ ಆಗಸ್ಟಿನಲ್ಲಿ ಹಳೇ ಕಾರುಗಳ ಜಾತ್ರೆ ನಡೆಯುತ್ತದೆ. ಸಾವಿರಗಟ್ಟಲೆ ಕಾರುಗಳು, ರಸ್ತೆಯ ಪಕ್ಕ ಕುರ್ಚಿ ಹಾಕಿಕೊಂಡ ಜನ. ಇವರು ಬೆಳಗ್ಗೆಯಿಂದ ಸಂಜೆಯವರೆಗೆ ನಿಂತು ನೋಡಿ ಬಂದರು. ಊರಿಗೆ ಬಂದ ಮೇಲೆ ಹ್ಯಾಗಿತ್ತು ಅಂತ ಕೇಳಿದರೆ ಮುಖ ಸಣ್ಣದಾಗಿತ್ತು.

"ಏನ್ ಹೇಳ್ಲಿ ಮೇಷ್ಟ್ರೇ. ಅಲ್ಲಿ ಎಲ್ಲಾರ ಹತ್ರಾನೂ ಐತಿ."

"ಮತ್ತೆ?"

"ಹಿಂದಿನ ಬಾಗಿಲು ಎಲ್ಲಿ ಅಂತ ಒಬ್ಬನೂ ಕೇಳಲಿಲ್ಲ."

ಆ ಬಾಗಿಲಿನ ಕಥೆ ಹೇಳದೆ ಮುಂದೆ ಹೋಗುವ ಹಾಗಿಲ್ಲ. ಹಿಂದಿನ ಸೀಟಿಗೆ ಹೋಗಬೇಕಾದರೆ ಮುಂದಿನ ಸೀಟಿನ ಬೆನ್ನು ಮಡಚಿ, ತಲೆ ತಗ್ಗಿಸಿ, ಒಂದು ಕಾಲು ಒಳಗಿಟ್ಟು, ಆಮೇಲೆ ದೇವರನ್ನು ನೆನೆದು ಬೀಳಬೇಕು. ಬಿದ್ದವರು ಏಳುವುದು ಬೇರೆ ಅಧ್ಯಾಯ. ನಮ್ಮ ಬೀಗರ ಪೈಕಿ ಒಂದು ಮದುವೆಗೆ ಮೆರವಣಿಗೆಗೆಂದು ಚಿಗರಿಯನ್ನು ಕೇಳಿದರು. ಹೂವಿನ ಜಾಲರಿ, ಬಾನೆಟ್ಟಿನ ಮೇಲೆ ನವಿಲಿನ ಆಕಾರ, ಎಲ್ಲ ಭರ್ಜರಿ. ಗಂಡು ಹೆಣ್ಣನ್ನು ಹೇಗೋ ಹಿಂದೆ ತುರುಕಿದೆವು. ಬ್ಯಾಂಡಿನವರ ಹಿಂದೆ ನಡಿಗೆಯ ವೇಗದಲ್ಲಿ ಹೊರಟಿತು. 4.6 ಲೀಟರಿನ ಎಂಜಿನ್ನಿಗೆ ನಡಿಗೆ ಅಂದರೆ ಶಿಕ್ಷೆ. ಏಪ್ರಿಲ್ಲಿನ ದಾವಣಗೆರೆ ಬಿಸಿಲು, ರೇಡಿಯೇಟರಿಗೆ ಗಾಳಿ ಇಲ್ಲ, ಪೆಟ್ರೋಲು ಪೈಪಿನಲ್ಲೇ ಆವಿಯಾಗಿ ಕಾರ್ಬೊರೇಟರಿಗೆ ಬರೀ ಗುಳ್ಳೆ ಹೋಗತೊಡಗಿತು. ಇದಕ್ಕೆ ಮದ್ದು ಒಂದೇ, ಪೆಟ್ರೋಲ್ ಪಂಪಿನ ಮೇಲೆ ಒದ್ದೆ ಬಟ್ಟೆ. ಷಡ್ಡಕರು ಹಿಂದೆ ಮುಂದೆ ನೋಡದೆ ವರನ ಹೆಗಲಿನ ಶಲ್ಯ ಎಳೆದು, ನೀರಲ್ಲಿ ಅದ್ದಿ, ಹಾಕಿಬಿಟ್ಟರು.

ಆದರೂ ಅಶೋಕ ಟಾಕೀಸಿನ ಹತ್ತಿರ ರೈಲ್ವೆ ಗೇಟಿನ ಮುಂದೆ ನಿಂತೇಬಿಟ್ಟಿತು. ದಾವಣಗೆರೆಯವರಿಗೆ ಆ ಗೇಟಿನ ಮಹಿಮೆ ಹೇಳಬೇಕಾಗಿಲ್ಲ, ಅಲ್ಲಿ ಕಾಯುತ್ತ ಕಾಯುತ್ತ ಸ್ನೇಹ ಬೆಳೆದು ಬೀಗರಾದವರಿದ್ದಾರೆ. ಗೇಟು ತೆಗೆಯಿತು, ಚಿಗರಿ ಕದಲಲಿಲ್ಲ, ಹಿಂದೆ ಅರ್ಧ ಊರು ಹಾರ್ನು ಹೊಡೆಯುತ್ತಿದೆ. ಕೊನೆಗೆ ಡೋಲಿನವರೂ ಕಹಳೆಯವನೂ ವಾದ್ಯ ಬಾನೆಟ್ಟಿನ ಮೇಲಿಟ್ಟು ಕಾರು ತಳ್ಳಿದರು. ಕ್ಲಾರಿಯೋನೆಟ್ಟಿನವನೊಬ್ಬ ಮಾತ್ರ ತಳ್ಳದೆ ಮುಂದೆ ನಡೆಯುತ್ತ ಊದುತ್ತಿದ್ದ, ಕಲಾವಿದನ ಸ್ವಾಭಿಮಾನ. ಛತ್ರದ ಮುಂದೆ ಇಳಿಯುವಾಗ ಹೆಣ್ಣಿನ ಸೀರೆ ಸೀಟಿನ ಹಳಿಗೆ ಸಿಕ್ಕಿತು. ಮುಹೂರ್ತ ಹತ್ತಿರ, ಹೆಣ್ಣು ಗರ್ಭಗುಡಿಯಲ್ಲಿ, ಪುರೋಹಿತರು ಕಿಟಕಿಯಲ್ಲಿ! ಫೋಟೋದವನು ಅದೆಲ್ಲವನ್ನೂ ತೆಗೆದಿದ್ದಾನೆ. ಆ ಆಲ್ಬಮ್ಮಿನಲ್ಲಿ ತಾಳಿ ಕಟ್ಟುವ ಚಿತ್ರಕ್ಕಿಂತ ಕಾರಿನಿಂದ ಇಳಿಸುವ ಚಿತ್ರಗಳೇ ಹೆಚ್ಚು.

ಬ್ರೇಕಿನ ವಿಷಯ ತಮಾಷೆಯದ್ದಲ್ಲ, ಆದರೂ ಹೇಳಿಬಿಡುತ್ತೇನೆ. 1965ರ ಅಮೆರಿಕದ ಕಾರುಗಳ ಪೈಕಿ ಬಹುಪಾಲಿಗೆ ಬ್ರೇಕಿನ ಎಣ್ಣೆಗೆ ಒಂದೇ ಕೊಳಾಯಿ. ನಾಲ್ಕು ಚಕ್ರದಲ್ಲಿ ಎಲ್ಲಿ ಸೋರಿದರೂ ನಾಲ್ಕಕ್ಕೂ ಬ್ರೇಕಿಲ್ಲ. ಮುಂದಕ್ಕೆ ಬೇರೆ, ಹಿಂದಕ್ಕೆ ಬೇರೆ ಅಂತ ಎರಡು ಭಾಗ ಮಾಡಿದ್ದು 1967ರ ಮಾಡೆಲ್ಲಿನಿಂದ. ಇದು ನನಗೆ ಗೊತ್ತಾದದ್ದು ರಾಣೆಬೆನ್ನೂರಿಂದ ಬರುವಾಗ. ಚಿಗರಿಗೆ ಅದರ ನೆಂಟರನ್ನು ತೋರಿಸಿಕೊಂಡು ಬರೋಣ ಅಂತ ಷಡ್ಡಕರ ಹಠ. ಕೃಷ್ಣಮೃಗಗಳು ದೂರದಿಂದಲೇ ಈ ನೆಂಟನ ಸದ್ದು ಕೇಳಿ ಓಡಿಹೋಗಿದ್ದವು. ವಾಪಸು ಬರುವಾಗ ಷಡ್ಡಕರು ಬಹಳ ಶಾಂತವಾಗಿ, "ಮೇಷ್ಟ್ರೇ, ಬ್ರೇಕ್ ಕಾಲಿಗೆ ಹತ್ತವಲ್ದು" ಅಂದರು. ಒಂದೂವರೆ ಟನ್ನಿಗೂ ಮೀರಿದ ಕಬ್ಬಿಣ. ನಮ್ಮ ಪುಣ್ಯಕ್ಕೆ ಪಕ್ಕದ ರಸ್ತೆಯಲ್ಲಿ ರೈತರೊಬ್ಬರು ಮೆಕ್ಕೆಜೋಳ ಒಣಹಾಕಿದ್ದರು. ರಸ್ತೆಯಲ್ಲಿ ಕಾಳು ಒಣಹಾಕುವವರ ವಿರುದ್ಧ ಪತ್ರಿಕೆಗೆ ಎರಡು ಸಲ ಪತ್ರ ಬರೆದವನು ನಾನು. ಆ ಎರಡೂ ಪತ್ರಗಳನ್ನು ಈ ಮೂಲಕ ವಾಪಸು ಪಡೆಯುತ್ತಿದ್ದೇನೆ. ಚಿಗರಿ ರಾಶಿಯೊಳಗೆ ನುಗ್ಗಿ ಬಾನೆಟ್ಟಿನ ತನಕ ಹೂತು ನಿಂತಿತು. ಎಲ್ಲಿದ್ದರೋ ರೈತರು ಓಡಿ ಬಂದರು. ಬೈಗುಳಕ್ಕೆ ನಾನು ತಲೆ ಬಗ್ಗಿಸಿ ಸಿದ್ಧನಾದೆ. ಅವರು ಕಾರಿನ ಸುತ್ತ ಒಂದು ಸುತ್ತು ಹಾಕಿದರು. ಸೊಂಟದ ಮೇಲೆ ಕೈ ಇಟ್ಟರು.

ಮುಂದಿನದು ನಿಮಗೆ ಗೊತ್ತಿದೆ.

ಇನ್ನು ಹೊಟ್ಟೆಯ ಲೆಕ್ಕ. ಚಿಗರಿ ಲೀಟರಿಗೆ ನಾಲ್ಕು ಕಿಲೋಮೀಟರು ಕೊಡುತ್ತದೆ, ಮನಸ್ಸು ಚೆನ್ನಾಗಿದ್ದರೆ. ಭಾನುವಾರ ಬೆಳಗ್ಗೆ ಹರಿಹರದಿಂದ ಬೆಣ್ಣೆ ದೋಸೆ ತಿನ್ನಲು ದಾವಣಗೆರೆಗೆ ಬರುವುದು ಷಡ್ಡಕರ ಪದ್ಧತಿ. ಹೋಗಿ ಬರುವುದಕ್ಕೆ ಇಪ್ಪತ್ತೆಂಟು ಕಿಲೋಮೀಟರು, ಏಳು ಲೀಟರು, ಲೀಟರಿಗೆ ನೂರು ರೂಪಾಯಿಯ ಮೇಲೆ. ದೋಸೆಯ ಮೇಲಿನ ಬೆಣ್ಣೆಗಿಂತ ಕೆಳಗಿನ ಪೆಟ್ರೋಲು ದುಬಾರಿ. ಈಗ ಪೆಟ್ರೋಲಿಗೆ ಶೇಕಡಾ ಇಪ್ಪತ್ತು ಎಥೆನಾಲ್ ಬೆರೆಸುತ್ತಾರಲ್ಲ, ಆ ಕಾಲದ ರಬ್ಬರು ಪೈಪುಗಳಿಗೆ ಅದು ಆಗಿಬರುವುದಿಲ್ಲ, ಮೆತ್ತಗಾಗಿ ಊದಿಕೊಳ್ಳುತ್ತವೆ. "ನಮ್ಮ ಹೊಲದ ಕಬ್ಬಿನ ರಸ ಕುಡಿಸಿದರೂ ಜೀರ್ಣಿಸಿಕೊಳ್ಳಲ್ಲ, ಎಂಥಾ ಫಾರಿನ್ ಹೊಟ್ಟೆ!" ಅಂತ ಅತ್ತಿಗೆ. ಪೈಪುಗಳನ್ನೆಲ್ಲ ಬದಲಾಯಿಸಿದ್ದಾಯಿತು. ಮೊನ್ನೆ ಪಂಪಿನೊಳಗಿನ ಪರದೆಯನ್ನೂ ಬದಲಾಯಿಸಿದರು.

ಕಾಗದಪತ್ರದ ಕಥೆ ಇನ್ನೂ ಚಂದ. ಹಳೇ ಕಾರಿನ ನೋಂದಣಿಯನ್ನು ಐದೈದು ವರ್ಷಕ್ಕೆ ನವೀಕರಿಸಬೇಕು. 2022ರ ಏಪ್ರಿಲ್ಲಿನಿಂದ ಆಮದು ಕಾರಿಗೆ ಆ ಶುಲ್ಕ 40,000 ರೂಪಾಯಿ ಆಯಿತು. 2025ರಲ್ಲಿ ಇಪ್ಪತ್ತು ವರ್ಷ ದಾಟಿದ್ದಕ್ಕೆ ಅದೂ ದುಪ್ಪಟ್ಟು. ಇನ್ನೊಂದು ದಾರಿ ಅಂದರೆ 2021ರ ವಿಂಟೇಜ್ ನಿಯಮ. ಐವತ್ತು ವರ್ಷ ದಾಟಿ ಮೂಲರೂಪದಲ್ಲೇ ಇರುವ ಗಾಡಿಗೆ 20,000 ರೂಪಾಯಿಗೆ ಬೇರೆ ನೋಂದಣಿ, ನಂಬರಿನಲ್ಲಿ ವಿಎ ಅನ್ನುವ ಅಕ್ಷರ. ಷರತ್ತು ಏನೆಂದರೆ ದಿನನಿತ್ಯದ ಓಡಾಟಕ್ಕೆ ಬಳಸುವ ಹಾಗಿಲ್ಲ. ಪ್ರದರ್ಶನ, ರ‍್ಯಾಲಿ, ತಾಂತ್ರಿಕ ಸಂಶೋಧನೆ, ರಿಪೇರಿ ಮತ್ತು ಇಂಧನ ತುಂಬಿಸುವುದು, ಇಷ್ಟಕ್ಕೆ ಮಾತ್ರ ರಸ್ತೆಗಿಳಿಯಬಹುದು.

ಷಡ್ಡಕರು ನಿಯಮವನ್ನು ನನ್ನ ಕೈಲಿ ಮೂರು ಸಲ ಓದಿಸಿದರು. "ಇಂಧನ ತುಂಬಿಸಾಕೆ ಹೋಗಬಹುದು, ಹೌದಲ್ಲ?"

"ಹೌದು."

"ದಾವಣಗೆರೆ ಬಂಕಿನಾಗೆ ತುಂಬಿಸ್ಬಾರ್ದು ಅಂತ ಎಲ್ಲಾರ ಐತೇನು?"

"ಇಲ್ಲ."

"ಬಂಕಿನ ಎದುರಿಗೆ ದೋಸೆ ಹೋಟೆಲ್ ಇದ್ರೆ ಅದು ನಮ್ಮ ತಪ್ಪಾ?"

ಹೀಗೆ ವಿಎ ಅಕ್ಷರ ಬಂತು. ಈಗ ಯಾವ ಹಳ್ಳಿಗೆ ಹೋದರೂ ನಂಬರ್ ನೋಡಿದವರು ಎದ್ದು ನಿಂತು ಪಹಣಿ ವಿಚಾರಿಸುತ್ತಾರೆ. ನಮ್ಮ ಕಡೆ ವಿಎ ಅಂದರೆ ವಿಲೇಜ್ ಅಕೌಂಟೆಂಟು. "ಏನ್ ಸಾಹೇಬ್ರೇ, ಖಾತೆ ಬದಲಾವಣೆ ಯಾವಾಗ ಆಗ್ತೈತಿ?" ಅಂತ ಬಲಗಡೆ ಕಿಟಕಿಗೆ ಬರುತ್ತಾರೆ, ಅಂದರೆ ನನ್ನ ಹತ್ತಿರ. ನಾನೂ ಈಗೀಗ, "ಮುಂದಿನ ವಾರ ಬಾರಪ್ಪ" ಅನ್ನಲು ಕಲಿತಿದ್ದೇನೆ.

ಹರಿಹರದ ದೇವರು ಅರ್ಧ ಹರಿ, ಅರ್ಧ ಹರ. 1224ರ ಸುಮಾರಿಗೆ ಹೊಯ್ಸಳರ ದಂಡನಾಯಕ ಪೋಲಾಳ್ವ ಕಟ್ಟಿಸಿದ ಗುಡಿ. ಚಿಗರಿಯೂ ಈಗ ಅದೇ ಸಂಪ್ರದಾಯ. ಮೈ ಡೆಟ್ರಾಯ್ಟಿನದು, ಒಳಗಿನ ಬುಷ್ಷು, ಬೋಲ್ಟು, ಗೇರ್ ಸರಳು, ಕಿಟಕಿ ತಿರುಗಿಸುವ ಹಿಡಿ ಎಲ್ಲ ಯಂತ್ರಪುರದ್ದು. ಇತ್ತ ಕಂಪನಿಯವರು 2017ರ ಕೊನೆಗೆ ಭಾರತದಲ್ಲಿ ಷೆವ್ರೊಲೆ ಮಾರುವುದನ್ನೇ ನಿಲ್ಲಿಸಿದರು. 2020ರ ಫೆಬ್ರುವರಿಯಲ್ಲಿ ಡೆಟ್ರಾಯ್ಟಿನಲ್ಲಿ ಕೊನೆಯ ಇಂಪಾಲ ತಯಾರಾಯಿತು. ಅದನ್ನು ಮಗ ಫೋನಿನಲ್ಲಿ ಹೇಳಿದಾಗ ಷಡ್ಡಕರು ಲೇತಿನ ಮುಂದಿದ್ದರು. "ಅವರದೂ ಬಂದಾತಾ" ಅಂದರು. ಸ್ವಲ್ಪ ಹೊತ್ತು ಚಕ್ರ ತಿರುಗುವುದನ್ನು ನೋಡಿ, ಮತ್ತೆ ಟೂಲು ಒತ್ತಿದರು.

ಹೋದ ಮಾರ್ಚಿನಲ್ಲಿ ಬೆಂಗಳೂರಿಂದ ಒಬ್ಬ ಗಿರಾಕಿ ಬಂದಿದ್ದ. ಹಳೇ ಕಾರು ಕೂಡಿಹಾಕುವವನು, ಬಿಳೀ ಬೂಟು, ಜೊತೆಗೊಬ್ಬ ಫೋಟೋದವನು. ದರ ಹೇಳಿದ. ಮೂರು ದರವನ್ನೂ ಕೂಡಿಸಿ ನಾಲ್ಕರಿಂದ ಗುಣಿಸಿದರೂ ಅಷ್ಟಾಗುವುದಿಲ್ಲ. ನಾನು ಷಡ್ಡಕರ ಮುಖ ನೋಡಿದೆ, ಷಡ್ಡಕರು ಶೆಡ್ಡಿನ ಕಡೆ ನೋಡಿದರು. ಬಂದವನು ಕಾರಿನ ಮುಂದೆ ನಿಂತು, ಬಾನೆಟ್ಟಿನ ಮೇಲೆ ಉದ್ದಕ್ಕೂ ಹಾಸಿದ್ದ ಬಿಳೀ ಪಂಚೆಯನ್ನು ಕವರು ಅಂದುಕೊಂಡು ಒಂದು ಮೂಲೆ ಹಿಡಿದು ಎತ್ತಹೋದ.

ಒಳಗಿನಿಂದ ಅತ್ತಿಗೆ ಸೌಟು ಹಿಡಿದೇ ಓಡಿ ಬಂದರು. ಹನ್ನೆರಡು ವರ್ಷದಿಂದ ಆ ಕಾರಿಗೆ ಹಿಡಿಶಾಪ ಹಾಕಿದ ಬಾಯಿ.

"ಏ ಏ ಏ, ಮುಟ್ಟಬ್ಯಾಡ್ರೀ! ಸಂಡಿಗಿ ಇನ್ನೂ ಹಸಿ ಅದಾವು. ಯುಗಾದಿ ಆದ್ಮ್ಯಾಲೆ ಬರ್ರಿ."